ಚಿಕ್ಕ ಸ್ಕ್ರೀನಿನಲ್ಲಿ ಹಿಡಿಯದ ಮಾತು

"ನಿಮ್ಮ 'ಬೇಡ' ಕಾಣಿಸ್ತಿಲ್ಲ."

ಅವನು ಅವಳ ಹತ್ತಿರ ಆಡಿದ ಮೊದಲ ಮಾತು ಇದು. ಒಂದು ನಮಸ್ಕಾರವಿಲ್ಲ, ಹೊಸಬರಾ ಅಂತ ಒಂದು ನಗುವಿಲ್ಲ. ಸೀದಾ ಬಂದು ಅವಳ ಮೇಜಿನ ಮುಂದೆ ನಿಂತ, ಹೀಗಂದ.

ಅವಳು ತಲೆಯೆತ್ತಿದಳು. "ನನ್ನ ಏನು?"

"ಬೇಡ. 'ಬೇಕು' ಇದೆ, ಮೊದಲನೇ ಸಾಲಲ್ಲೇ ಇದೆ, ಚಂದವಾಗಿದೆ. 'ಬೇಡ' ಇಲ್ಲ. ಚಿಕ್ಕ ಫೋನಲ್ಲಿ ಕೊನೇ ಸಾಲು ಪೂರ್ತಿ ಆಚೆ ಬಿದ್ದುಹೋಗಿದೆ. ಬನ್ನಿ, ತೋರಿಸ್ತೀನಿ."

ಅವನು ಟೆಸ್ಟರ್. ಬೇರೆಯವರು ಮಾಡಿದ ಆ್ಯಪ್‌ಗಳಲ್ಲಿ ಹುಳುಕು, ಅವರ ಭಾಷೆಯಲ್ಲಿ 'ಬಗ್', ಹುಡುಕುವುದೇ ಅವನ ಉದ್ಯೋಗ. ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು, ಹಾಗಾಗಿ ಆಫೀಸಿಗೆಲ್ಲ ಅವನು ಫೂಟುಪಟ್ಟಿ. ಅವಳು ಡಿಸೈನರ್. ಕಾಫಿ ಕಪ್ಪಿನ ಮೇಲೂ ಏನಾದರೂ ಬರೆಯದೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಸೇರಿದ ವಾರದಲ್ಲೇ ಚಿತ್ತಾರ ಅನ್ನುವ ಹೆಸರು ಬಿದ್ದಿತ್ತು.

ಆಫೀಸಿನವರೆಲ್ಲ ಸೇರಿ ಮಾಡುತ್ತಿದ್ದದ್ದು 'ಮಾತಿನ ಹಲಗೆ' ಅನ್ನುವ ಆ್ಯಪ್. ಪಾರ್ಶ್ವವಾಯು ಬಡಿದೋ, ಗಂಟಲಿನ ಆಪರೇಷನ್ ಆಗಿಯೋ ಮಾತು ಕಳೆದುಕೊಂಡವರಿಗೆ. ಒಂದೊಂದು ಚೌಕದಲ್ಲಿ ಒಂದು ಚಿತ್ರ, ಒಂದು ಮಾತು. ಮುಟ್ಟಿದರೆ ಫೋನು ಅದನ್ನು ಗಟ್ಟಿಯಾಗಿ ಹೇಳುತ್ತದೆ.

ಮುಖ ಗಂಟು ಹಾಕಿಕೊಂಡೇ ಅವಳು ಅವನ ಹಿಂದೆ ನಡೆದಳು. ಕಾರಿಡಾರಿನ ಕೊನೆಯ ಕೋಣೆಯ ಬಾಗಿಲು ತೆರೆದು ಅವನು ಪಕ್ಕಕ್ಕೆ ಸರಿದ. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಗೋಡೆಯ ತುಂಬ ಫೋನುಗಳು. ಅಂಗೈಯಲ್ಲಿ ಮುಚ್ಚಿಡಬಹುದಾದ ಚಿಕ್ಕವು, ಉದ್ದನೆಯವು, ಅಗಲದವು, ಪುಸ್ತಕದ ಹಾಗೆ ಮಡಿಸುವವು, ಊಟದ ತಟ್ಟೆಯಷ್ಟು ದೊಡ್ಡ ಟ್ಯಾಬ್ಲೆಟ್ಟುಗಳು. ಎಲ್ಲವೂ ಉರಿಯುತ್ತಿದ್ದವು, ಎಲ್ಲದರಲ್ಲೂ ಅವಳದೇ ಚಿತ್ರ. ತಾನು ಬಿಡಿಸಿದ್ದು ಒಂದೇ ಫೋನಿನ ಮೇಲೆ, ಅದೂ ತನ್ನದೇ ಹೊಸ, ದೊಡ್ಡ ಫೋನಿನ ಮೇಲೆ. ಅದು ಹೊರಗೆ ಹೋಗಿ ಇಷ್ಟೊಂದು ಮುಖ ತೊಟ್ಟುಕೊಳ್ಳುತ್ತದೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ.

"ಅಬ್ಬಾ," ಅಂದಳು.

"ಎಲ್ಲರೂ ಹಾಗೇ ಅಂತಾರೆ," ಅವನು ಮೊದಲ ಸಲ ನಕ್ಕ. "ಆಮೇಲೆ ಬಗ್ ತೋರಿಸಿದ್ರೆ ಮುಖ ತಿರುಗಿಸ್ತಾರೆ."

ಕೆಳಗಿನ ಸಾಲಿನ ಅತಿ ಚಿಕ್ಕ ಫೋನನ್ನು ತೆಗೆದು ಅವಳ ಕೈಗಿಟ್ಟ. 'ನೀರು', 'ಊಟ', 'ಬೇಕು', 'ಚೆನ್ನಾಗಿದೆ', 'ಇರಿ' ಎಲ್ಲ ಇದ್ದವು. ಆಮೇಲೆ ಒಂದು ಸಾಲಿನ ನೆತ್ತಿ ಮಾತ್ರ ಇಣುಕುತ್ತಿತ್ತು. 'ಬೇಡ', 'ಸಾಕು', 'ನೋವು' ಪಾತಾಳ ಸೇರಿದ್ದವು.

"ಬೆರಳಲ್ಲಿ ಮೇಲೆ ತಳ್ಳಿದ್ರೆ ಬರುತ್ತಲ್ಲ."

"ಬೆರಳು ನಾವು ಹೇಳಿದ ಹಾಗೆ ಕೇಳೋವಾಗ ಬರುತ್ತೆ. ಒಳ್ಳೇ ಮಾತೆಲ್ಲ ಮೇಲೆ, ಕಹಿ ಮಾತೆಲ್ಲ ಕೆಳಗೆ ಜೋಡಿಸಿದ್ದೀರಿ. ನೋಡೋಕೆ ಚಂದ. ಆದ್ರೆ ಬೇಡ ಅನ್ನೋಕೆ ಆಗದವರ ಬಾಯಿಗೆ ಎಲ್ಲರೂ ಏನೇನೋ ತುರುಕ್ತಾರೆ ರೀ."

ಅವನ ಕಣ್ಣು ಆ ಚಿಕ್ಕ ಫೋನಿನ ಮೇಲೇ ಇತ್ತು. ಅವಳ ಕಣ್ಣು ಅವನ ಮೇಲೆ. ಎದೆಯೊಳಗೆ ಏನೋ ಜರುಗಿತು. ಇದ್ಯಾವ ಹೊಸ ಬಗ್ಗು ಅಂದುಕೊಂಡಳು.

ಅವತ್ತಿನಿಂದ ಅವಳಿಗೆ ಆ ಕೋಣೆಯ ಚಾಳಿ ಹಿಡಿಯಿತು. ಮೇಲ್ ಮಾಡಿದರೆ ಸಾಕಿದ್ದದ್ದನ್ನು ಎದ್ದುಹೋಗಿ ತೋರಿಸುವಳು. ಇಲ್ಲದ ಅನುಮಾನ ಹುಟ್ಟಿಸಿಕೊಂಡು ಕೇಳುವಳು. ಅವನೇನು ಕಮ್ಮಿ? ಒಂದೇ ಸಲಕ್ಕೆ ಹೇಳಿ ಮುಗಿಸಬಹುದಾದ ತಪ್ಪುಗಳನ್ನು ಕಂತಿನಲ್ಲಿ ಹೇಳತೊಡಗಿದ.

"ಈ ಹಸಿರು ನಿಮಗೆ ಇಷ್ಟ ಆಗ್ಲಿಲ್ವಾ?"

"ಹಸಿರು ನನ್ನ ಕೆಲಸ ಅಲ್ಲ. ಅಳತೆ ನನ್ನ ಕೆಲಸ."

"ಮನುಷ್ಯರನ್ನೂ ಅಳೀತೀರಾ?"

"ಆಗಾಗ." ಸ್ಕೇಲನ್ನು ಅವಳ ಮುಖದ ಪಕ್ಕಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ. "ನಗು ಸ್ವಲ್ಪ ಎಡಕ್ಕೆ ವಾಲಿದೆ. ಸರಿ ಮಾಡೋದು ಬೇಡ, ಹಾಗೇ ಇರ್ಲಿ."

ಅವಳು ಅಂದು ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿಕೊಂಡಳು. ಹೌದು, ಎಡಕ್ಕೇ ವಾಲಿತ್ತು. ಇಷ್ಟು ವರ್ಷ ತನ್ನ ಮುಖ ತನಗೇ ಗೊತ್ತಿರಲಿಲ್ಲವಲ್ಲ ಅಂತ ಬೆರಗಾಯಿತು. ಅವನು ಬೇಕು ಅನ್ನಿಸಿತು. ಸುತ್ತಿಬಳಸದೆ ಹಾಗೇ ಅನ್ನಿಸಿತು.

ಆದರೆ ಚಿಕ್ಕ ಫೋನಿನ ಹಠ ಮಾತ್ರ ಅವನು ಬಿಡಲಿಲ್ಲ. ಅವಳು ಚೌಕಗಳನ್ನು ಕುಗ್ಗಿಸಿ ಕೊಟ್ಟಳು. "ಇಷ್ಟು ಚಿಕ್ಕದಾದ್ರೆ ಒಂದು ಮುಟ್ಟೋಕೆ ಹೋಗಿ ಇನ್ನೊಂದು ಮುಟ್ತಾರೆ, ನೀರು ಕೇಳಿದವರಿಗೆ ಡಾಕ್ಟರ್ ಬರ್ತಾರೆ," ಅಂತ ತಿರುಗಿಸಿ ಕಳಿಸಿದ. ಚಿತ್ರ ತೆಗೆದು ಬರೀ ಅಕ್ಷರ ಇಟ್ಟಳು. ಅದೂ ವಾಪಸ್. ಬಿಡುಗಡೆಯ ದಿನ ಕುತ್ತಿಗೆಗೆ ಬಂತು.

ಆ ದಿನ ಅವನು ರಜೆಯಲ್ಲಿದ್ದ. ಮನೆಯಲ್ಲಿ ಏನೋ ಆಸ್ಪತ್ರೆ ಕೆಲಸ ಅಂದಿದ್ದ. ಬಾಸ್ ಅವಳ ಬೆನ್ನ ಹಿಂದೆ ಬಂದು ನಿಂತರು. "ಎಲ್ಲಾ ಮುಗೀತಲ್ಲ? ಆ ಚಿಕ್ಕ ಫೋನಿಂದೊಂದು ಬಾಕಿ. ಈಗ ಅಂಥ ಫೋನು ಯಾರಮ್ಮಾ ಇಟ್ಕೊಂಡಿರ್ತಾರೆ? ಬಿಟ್ಹಾಕು."

ಆ್ಯಪ್ ಸ್ಟೋರಿಗೆ ಹಾಕುವಾಗ ಇದು ಯಾವ ಯಾವ ಅಳತೆಯ ಸ್ಕ್ರೀನಿಗೆ ಹೊಂದುತ್ತದೆ ಅಂತ ಮೊದಲೇ ಹೇಳಿಬಿಡಬಹುದು. ಚಿಕ್ಕದು, ಮಧ್ಯಮ, ದೊಡ್ಡದು, ಬಹಳ ದೊಡ್ಡದು. ಇಲ್ಲ ಅಂದ ಅಳತೆಯ ಫೋನಿನಲ್ಲಿ ಹುಡುಕಿದರೂ ಆ್ಯಪ್ ಸಿಗುವುದಿಲ್ಲ. ಅಂಗಡಿ ಇದೆ, ಸಾಮಾನು ಇದೆ, ಆ ಗಿರಾಕಿಗೆ ಮಾತ್ರ ಬಾಗಿಲು ಕಾಣದು.

ಅವಳು 'ಚಿಕ್ಕದು' ಅನ್ನುವುದರ ಮುಂದೆ 'ಇಲ್ಲ' ಅಂತ ಬದಲಿಸಿದಳು. ತಪ್ಪುಗಳ ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ತಪ್ಪು ಮಾಯವಾಯಿತು. ಎಷ್ಟು ಸಲೀಸು ಅಂತ ಅವಳಿಗೇ ಆಶ್ಚರ್ಯ. ಸಂಜೆ ಕೇಕು ಕತ್ತರಿಸಿದರು, ಚಪ್ಪಾಳೆ ಹೊಡೆದರು. ಅವನಿಗೊಂದು ತುಂಡು ಎತ್ತಿಟ್ಟು ಅವಳು ಮನೆಗೆ ಹೋದಳು.

ಮರುದಿನ ಅವನು ಬಂದ. ಗುಡ್ ಮಾರ್ನಿಂಗ್ ಇಲ್ಲ, ಕಣ್ಣೂ ಇತ್ತ ಹೊರಳಲಿಲ್ಲ. ಕೋಣೆಗೆ ಹೋಗಿ ಫೋನುಗಳನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತ. ಅವಳು ಕೇಕಿನ ತಟ್ಟೆ ಹಿಡಿದುಕೊಂಡು ಹೋದಳು.

"ಏನಾಯ್ತು?"

"ಏನಿಲ್ಲ."

"ಏನಿಲ್ಲ ಅನ್ನೋರ ಮುಖ ಹೀಗಿರಲ್ಲ."

ಅವನು ಒರೆಸುವುದನ್ನು ನಿಲ್ಲಿಸಿದ. "ನಿನ್ನೆ ಸಂಜೆ ನಮ್ಮಪ್ಪ ಸ್ಟೋರಲ್ಲಿ ಹುಡುಕಿದ್ರು. ನಾನೇ ಹಾಕಿಕೊಡ್ತೀನಿ ಅಂದೆ, ಕೊಡಲಿಲ್ಲ. ಎಲ್ಲರ ಹಾಗೆ ತಾವೇ ಒತ್ತಿ ತಗೋಬೇಕು ಅಂತ ಆಸೆ. ಒಂದೊಂದೇ ಅಕ್ಷರ ಕುಟ್ಟಿದ್ರು. ಬರಲಿಲ್ಲ. ತಪ್ಪು ಕುಟ್ಟಿದೆ ಅಂದ್ಕೊಂಡು ಅಳಿಸಿ ಮತ್ತೆ ಕುಟ್ಟಿದ್ರು. ಕೊನೆಗೆ ನನ್ನ ಮುಖ ನೋಡಿದ್ರು."

ಅವಳ ಕೈಯಲ್ಲಿದ್ದ ತಟ್ಟೆ ಭಾರವಾಯಿತು.

ಅವನ ತಂದೆ ಕ್ಷೌರಿಕರು. ಮಾತಿನ ಮಲ್ಲ ಅಂತಲೇ ಬೀದಿಗೆಲ್ಲ ಪರಿಚಯ. ಕೂದಲು ಕತ್ತರಿಸಿಕೊಳ್ಳಲು ಹೋದವರು ಅವರ ಕಥೆ ಮುಗಿಯದೆ ಏಳುತ್ತಿರಲಿಲ್ಲ. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಉಳಿದದ್ದು ಒಂದು ಎಡಗೈ. ಆ ಕೈಯೇ ಫೋನು ಹಿಡಿಯಬೇಕು, ಆ ಕೈಯ ಹೆಬ್ಬೆರಳೇ ಒತ್ತಬೇಕು. ದೊಡ್ಡ ಫೋನು ಕೊಡಿಸಿದರೆ ಜಾರಿ ಬೀಳುತ್ತಿತ್ತು. ಚಿಕ್ಕ ಫೋನು ಒಂದೇ ಅವರ ಹಿಡಿತಕ್ಕೆ ಸಿಕ್ಕಿದ್ದು. ಅವನು ಇದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದಳು.

"ಹೇಳಿದ್ರೆ ನಮ್ಮಪ್ಪನಿಗೋಸ್ಕರ ಮಾಡ್ತಿದ್ರಿ. ಅಂಥವರು ಇನ್ನೂ ಎಷ್ಟು ಮನೇಲಿದ್ದಾರೋ. ನಾನು ನೋಡದವರಿಗೂ ಅದು ಸರಿ ಇರ್ಬೇಕಲ್ವಾ?"

ಅವಳಿಗೆ ಅರ್ಥವಾಯಿತು. ತಾನು ತಪ್ಪು ತಿದ್ದಿರಲಿಲ್ಲ. ಕೆಮ್ಮುವವರನ್ನು ಕೋಣೆಯಿಂದ ಆಚೆ ಹಾಕಿ ಕೆಮ್ಮು ವಾಸಿಯಾಯಿತು ಅಂದಿದ್ದಳು ಅಷ್ಟೆ. ನಾಚಿಕೆಯಿಂದ ಭೂಮಿಗಿಳಿದು ಹೋದಳು. ಅದಕ್ಕಿಂತ ದೊಡ್ಡದು ಹೆದರಿಕೆ. ಈ ಮನುಷ್ಯ ಇನ್ನು ತನ್ನತ್ತ ಒಂದು ಕಣ್ಣು ಮುಚ್ಚಿ ನೋಡುವುದಿಲ್ಲ ಅನ್ನುವ ಹೆದರಿಕೆ.

"ನಾನು ಅವರನ್ನ ನೋಡ್ಬೇಕು," ಅಂದಳು.

"ಕ್ಷಮೆ ಕೇಳೋಕಾ? ಬೇಡ, ಅವರಿಗೆ ಮುಜುಗರ."

"ಅಲ್ಲ. ಅವರ ಹೆಬ್ಬೆರಳು ನೋಡ್ಬೇಕು."

ಅವನು ಅವಳನ್ನೇ ನೋಡಿದ. ಆಮೇಲೆ ತಟ್ಟೆಯಿಂದ ಒಂದು ಚೂರು ಕೇಕು ಮುರಿದು ಬಾಯಿಗೆ ಹಾಕಿಕೊಂಡ. ಅದನ್ನು ಒಪ್ಪಿಗೆ ಅಂತ ಅವಳು ತಿಳಿದುಕೊಂಡಳು.

ಮುಚ್ಚಿದ ಕ್ಷೌರದ ಅಂಗಡಿಯ ಮೇಲೆಯೇ ಅವರ ಮನೆ. ಅಂಗಡಿಯ ಒಂದು ತಿರುಗುವ ಕುರ್ಚಿಯನ್ನು ಮೇಲಕ್ಕೆ ತಂದು ಕಿಟಕಿಯ ಬಳಿ ಹಾಕಿದ್ದರು. ತಂದೆ ಅದರಲ್ಲಿ ದರ್ಬಾರಿನಲ್ಲಿ ಕೂತವರಂತೆ ಕೂತಿದ್ದರು. ಮೀಸೆ ಒಂದು ಕಡೆ ಮೋಟು, ಇನ್ನೊಂದು ಕಡೆ ಉದ್ದ. ಗಲ್ಲದಲ್ಲಿ ಅಲ್ಲಲ್ಲಿ ಬಿಟ್ಟುಹೋದ ಬಿಳಿ ಕೂದಲು. ಮಗ ದಿನವೂ ಶೇವ್ ಮಾಡುತ್ತಾನೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಕಣ್ಣುಗಳು ಮಾತ್ರ ಚುರುಕು, ಅವಳನ್ನು ಮೇಲಿಂದ ಕೆಳಗೆ ನೋಡಿ ಮಗನತ್ತ ಹೊರಳಿ, ಏನೋ ಕಂಡುಹಿಡಿದವರಂತೆ ಮಿನುಗಿದವು.

ಅವಳು ಅವರ ಪಕ್ಕದಲ್ಲಿ ಮಂಡಿಯೂರಿ ಕೂತಳು. ಕನ್ನಡಿಯ ಮುಂದೆ ಹಳೆಯ ಪೌಡರ್ ಡಬ್ಬಿ ಇತ್ತು, ಕ್ಷೌರ ಮುಗಿದ ಮೇಲೆ ಕುತ್ತಿಗೆಗೆ ಹಚ್ಚುವ ಪೌಡರು. ಒಂದು ಯೋಚನೆ ಬಂತು. ಫೋನಿನ ಗಾಜಿನ ಮೇಲೆ ತೆಳ್ಳಗೆ ಪೌಡರು ಉದುರಿಸಿದಳು.

"ಅಂಕಲ್, ಫೋನು ಯಾವಾಗಲೂ ಹಿಡಿಯೋ ಹಾಗೇ ಹಿಡ್ಕೊಳ್ಳಿ. ಈಗ ಹೆಬ್ಬೆರಳು ಎಲ್ಲೆಲ್ಲಿಗೆ ಹೋಗುತ್ತೋ ಅಲ್ಲೆಲ್ಲ ಆಡಿಸಿ. ಕಷ್ಟಪಡ್ಬೇಡಿ."

ಹೆಬ್ಬೆರಳು ಹೊರಟಿತು. ಬಾಚಣಿಗೆ ಹಿಡಿದು ಹಿಡಿದು ಗಂಟು ಕಟ್ಟಿದ ಬೆರಳು. ಕೆಳಗಿನಿಂದ ಎದ್ದು, ಬಾಗಿ, ಅಂಚಿಗೆ ಬಂದು ನಿಂತು, ಮತ್ತೆ ಹಿಂದಿರುಗಿತು. ಪೌಡರು ಒರೆಸಿಹೋದ ಕಡೆ ಗಾಜು ಕಂಡಿತು. ಕೆಳಗಿನ ಎಡ ಮೂಲೆಯಿಂದ ಹೊರಟ ಒಂದು ಅರ್ಧಚಂದ್ರ.

ಅವಳು ಉಸಿರು ಬಿಗಿಹಿಡಿದು ನೋಡಿದಳು. ಇಷ್ಟೇ ಜಾಗ. ಈ ಮನುಷ್ಯ ಕೇಳುವುದು, ಕೊಡುವುದು, ಬೈಯುವುದು, ಮಗನನ್ನು ಕರೆಯುವುದು ಎಲ್ಲ ಇಷ್ಟರಲ್ಲೇ ಆಗಬೇಕು. ಅವಳು ಎಲ್ಲಕ್ಕಿಂತ ಮುದ್ದಾಗಿ ಬಿಡಿಸಿದ್ದ ಮೇಲಿನ ಸಾಲು ಬರಬೇಕಿದ್ದ ಜಾಗ ಪೂರ್ತಿ ಪೌಡರಿನಡಿ ಹಾಗೇ ಉಳಿದಿತ್ತು. ಆ ಬೆರಳು ಅಲ್ಲಿಗೆ ಮುಟ್ಟಿಯೇ ಇರಲಿಲ್ಲ.

"ಫೋನು ಚಿಕ್ಕದಾದ್ರೆ ಚೌಕ ಚಿಕ್ಕದಾಗಬೇಕು ಅಂದ್ಕೊಂಡಿದ್ದೆ," ಅಂದಳು, ಅರ್ಧ ತನಗೇ. "ಬೆರಳು ಚಿಕ್ಕದಾಗಲ್ಲ ಅಲ್ವಾ. ಬೆರಳು ಎಲ್ಲಾ ಫೋನಿಗೂ ಒಂದೇ."

ಮಗ ಅವಳ ಹಿಂದೆಯೇ ಬಗ್ಗಿ ನೋಡುತ್ತಿದ್ದ. ಅವನ ಉಸಿರು ಅವಳ ಕಿವಿಯ ಬಳಿ ಬೆಚ್ಚಗೆ ಆಡಿತು. "ಇಷ್ಟು ದಿನ ಸ್ಕ್ರೀನ್ ಅಳೀತಿದ್ದೆ ನಾನು," ಅಂದ ಮೆಲ್ಲಗೆ. "ಇದನ್ನ ಅಳೀಬೇಕು ಅಂತ ಹೊಳೀಲೇ ಇಲ್ಲ."

ಇಬ್ಬರೂ ಆ ಬಿಳಿ ಗಾಜಿನ ಮೇಲಿನ ಅರ್ಧಚಂದ್ರವನ್ನು ನೋಡುತ್ತ ಬಹಳ ಹೊತ್ತು ಹಾಗೇ ಇದ್ದರು. ತಂದೆ ಕೆಮ್ಮಿದ ಮೇಲೆಯೇ ಎಚ್ಚರ.

ಬಾಸ್ ಹತ್ತಿರ ಅವಳು ಜಗಳವನ್ನೇ ಆಡಿದಳು. "ಚಿಕ್ಕ ಫೋನಿನವರು ಎಷ್ಟು ಜನ ಇದ್ದಾರು?" ಅಂತ ಅವರು ಕೇಳಿದರೆ, "ಅವರೇ ಬಂದು ಹೇಳ್ತಿದ್ರು ಸರ್, ಮಾತಿಲ್ಲ ಪಾಪ," ಅಂದಳು. ಬಾಸ್ ಎರಡು ವಾರ ಕೊಟ್ಟರು.

ಆ ಎರಡು ವಾರ ಅವಳು ತನ್ನ ಚಂದದ ಹಲಗೆಯನ್ನು ಒಡೆದು ಹಾಕಿದಳು. ಚೌಕದ ಅಳತೆ ಎಲ್ಲಾ ಕಡೆ ಒಂದೇ, ಜೋಡಣೆ ಮಾತ್ರ ಬೇರೆ. ಟ್ಯಾಬ್ಲೆಟ್ಟಿನಲ್ಲಿ ಮಾತುಗಳು ಆರಾಮಾಗಿ ಹರಡಿಕೊಂಡು ಕೂತವು. ಮಧ್ಯಮ ಫೋನಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವು. ಚಿಕ್ಕದರಲ್ಲಿ ಒಂದು ಸಲಕ್ಕೆ ಕೆಲವೇ ಮಾತು, ಹೆಬ್ಬೆರಳಿನ ದಾರಿಯಲ್ಲೇ. 'ಬೇಡ' ಎಲ್ಲಕ್ಕಿಂತ ಹತ್ತಿರ. ಎಡಗೈಯವರಿಗೆ ಎಡಕ್ಕೆ, ಬಲಗೈಯವರಿಗೆ ಬಲಕ್ಕೆ. ಅವನು ತಪ್ಪು ಹುಡುಕಿದ, ಅವಳು ತಿದ್ದಿದಳು, ಮತ್ತೆ ಹುಡುಕಿದ. ಈ ಸಲ ಯಾರೂ ಕಂತಿನಲ್ಲಿ ಹೇಳಲಿಲ್ಲ, ಸಮಯವಿರಲಿಲ್ಲ.

ಕೊನೆಯ ಮಧ್ಯಾಹ್ನ ಅವನು ಎಲ್ಲಾ ಫೋನುಗಳಿಗೂ ಹೊಸ ಆ್ಯಪ್ ಹಾಕಿ ಅವಳನ್ನು ಕರೆದ. ಗೋಡೆ ಬೆಳಗುತ್ತಿತ್ತು. ಅವೇ ಮಾತುಗಳು, ಒಂದೊಂದು ಗಾಜಿನಲ್ಲಿ ಒಂದೊಂದು ರೀತಿ ಸೇರಿಕೊಂಡಿದ್ದವು. ಎಲ್ಲೂ ಒಂದೂ ಕತ್ತರಿಸಿಹೋಗಿರಲಿಲ್ಲ. ಈ ಗೋಡೆಯಾಚೆ ಯಾವ್ಯಾವುದೋ ಮನೆಯಲ್ಲಿ, ಯಾವ್ಯಾವುದೋ ಅಂಗೈಯಲ್ಲಿ ಇದು ಹೀಗೇ ಬಿಚ್ಚಿಕೊಳ್ಳುತ್ತದೆ ಅನ್ನುವುದು ಹೊಳೆದು ಅವಳಿಗೆ ಮೈ ಜುಮ್ಮೆಂದಿತು. ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು.

'ಚಿಕ್ಕದು' ಅನ್ನುವುದರ ಮುಂದೆ ಅವಳು 'ಹೌದು' ಅಂತ ಬದಲಿಸಿದಳು. ಗುಂಡಿ ಒತ್ತಿದಳು.

ಭಾನುವಾರ ಸಂಜೆ, ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗಲೇ, ಅವಳು ಆ ಮನೆಗೆ ಹೋದಳು. ತಂದೆ ಫೋನು ಹಿಡಿದು ಒಂದೊಂದೇ ಅಕ್ಷರ ಕುಟ್ಟಿದರು. ಬಂತು. ಅವರು ಮಗನ ಮುಖ ನೋಡಲಿಲ್ಲ, ಸ್ಕ್ರೀನಿನಿಂದ ಕಣ್ಣು ಕೀಳಲೇ ಇಲ್ಲ. ತಾವೇ ಒತ್ತಿದರು. ಚಕ್ರ ಸುತ್ತಿತು, ಮುಗಿಯಿತು, ಹಲಗೆ ತೆರೆಯಿತು. ಹೆಬ್ಬೆರಳು ಅದರ ಮೇಲೆ ಗಾಳಿಯಲ್ಲೇ ನಿಂತಿತು. ಇಷ್ಟು ದಿನದ ಮೇಲೆ ಯಾವ ಮಾತು ಮೊದಲು ಆಡಬೇಕು ಅಂತ ತೋಚದೆ ಇರಬೇಕು.

ಮಗನಿಗೂ ಕೈಕಾಲು ಆಡಲಿಲ್ಲ. ಏನಾದರೂ ಮಾಡಬೇಕಲ್ಲ ಅಂತ ಸೋಪು ಬ್ರಷ್ಷು ಎತ್ತಿಕೊಂಡ. "ಅಪ್ಪಾ, ನಿಧಾನಕ್ಕೆ ನೋಡಿ. ಅಷ್ಟರಲ್ಲಿ ನಾನು ಶೇವ್ ಮಾಡಿಬಿಡ್ತೀನಿ."

"ಬೇಡ," ಅಂದಿತು ಫೋನು.

ಬ್ರಷ್ಷು ಗಾಳಿಯಲ್ಲೇ ಉಳಿಯಿತು. ತಂದೆ ಮಗನನ್ನು ದಿಟ್ಟಿಸಿ ನೋಡಿ, ಮೋಟು ಮೀಸೆ ಅಲುಗಿಸಿ, ಇನ್ನೊಮ್ಮೆ ಒತ್ತಿದರು. "ಬೇಡ." ಆಮೇಲೆ ಪಕ್ಕದ್ದು. "ಸಾಕು." ಆಮೇಲೆ ಗಲ್ಲ ಮುಂದೆ ಚಾಚಿ, "ನೋವು."

ಅವಳು ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದಳು. ಊರಿಗೆಲ್ಲ ಕ್ಷೌರ ಮಾಡಿದ ಮನುಷ್ಯ ಒಂದು ವರ್ಷದಿಂದ ಈ ಕ್ಷೌರ ಬಾಯಿ ಮುಚ್ಚಿಕೊಂಡು ಸಹಿಸಿದ್ದರು! ಮಗ ನಗುತ್ತ ನಗುತ್ತ ಅವರ ಪಾದದ ಬಳಿ ಕುಸಿದು ಕೂತ, ನಗು ಯಾವಾಗ ಅಳುವಾಯಿತೋ ಅವನಿಗೇ ತಿಳಿಯಲಿಲ್ಲ. ತಂದೆ ಫೋನನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಮಗನ ತಲೆ ಸವರಿದರು. ಬೆರಳುಗಳು ಕೂದಲಿನ ಉದ್ದವನ್ನು ಅಳೆದವು, ಅದು ಅಭ್ಯಾಸ.

ಇದು ಅಪ್ಪ ಮಗನ ಗಳಿಗೆ, ನಡುವೆ ತಾನೇಕೆ ಅಂತ ಅವಳಿಗೆ ಅನ್ನಿಸಿತು. ಚೀಲ ಹೆಗಲಿಗೆ ಏರಿಸಿಕೊಂಡು ಎದ್ದಳು. "ನಾನು ಹೊರಡ್ತೀನಿ ಅಂಕಲ್."

ತಂದೆ ಫೋನು ಕೈಗೆತ್ತಿಕೊಂಡರು. "ಇರಿ," ಅಂದಿತು ಫೋನು.

"ಇನ್ನೊಂದು ದಿನ ಬರ್ತೀನಿ."

"ಇರಿ. ಇರಿ. ಇರಿ."

"ಅಪ್ಪಾ, ಅವರಿಗೆ ಕೆಲಸ ಇರುತ್ತೆ," ಅಂದ ಮಗ ಕಣ್ಣೊರೆಸಿಕೊಳ್ಳುತ್ತ.

ತಂದೆ ಮಗನತ್ತ ತಿರುಗಿದ ಬಗೆ ನೋಡಬೇಕಿತ್ತು. ಇಂಥ ಪೆದ್ದನನ್ನು ನಾನೇ ಹೆತ್ತೆನಾ ಅನ್ನುವ ಹಾಗಿತ್ತು. ಅವನ ಮುಖ ಕಿವಿಯವರೆಗೂ ಕೆಂಪಾಯಿತು. ಎದ್ದು ನಿಂತ. ಬ್ರಷ್ಷು ಇನ್ನೂ ಕೈಯಲ್ಲೇ ಇತ್ತು, ನೊರೆ ಮಣಿಕಟ್ಟಿಗೆ ಇಳಿಯುತ್ತಿತ್ತು.

"ಅದು... ಅಪ್ಪ ಹೇಳ್ತಿರೋದು ಅವರ ಮಾತಲ್ಲ," ಅಂದ. "ನನ್ನದು. ದಿನಾ ನೀವು ಆ ಕೋಣೆಯಿಂದ ಹೊರಡೋವಾಗ ಅನ್ಕೋತಿದ್ದೆ, ಇರಿ ಅಂತ. ಅವರಿಗಾದ್ರೆ ನಾಲಿಗೆ ಬಿದ್ದುಹೋಗಿತ್ತು. ನನ್ನದು ನೆಟ್ಟಗೇ ಇದ್ದು ಏನು ಬಂತು? ನನಗೆ ನೀವು ಬೇಕು. ಆ ದಿನ ಸಿಟ್ಟು ಬಂದಿದ್ದು ಆ್ಯಪ್‌ಗಲ್ಲ, ಬೇರೆ ಯಾರು ಮಾಡಿದ್ರೂ ಅಷ್ಟು ನೋಯ್ತಿರಲಿಲ್ಲ."

ಮಾತು ಒಂದು ಗಂಟಲಿನಿಂದ ಹೊರಟು ಇನ್ನೊಬ್ಬರ ಕಿವಿ ಮುಟ್ಟುವುದು ಇಷ್ಟು ದೊಡ್ಡ ಸಂಗತಿ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡಳು. ಎಲ್ಲರೂ ಎಷ್ಟು ಸಲೀಸಾಗಿ ಆಡುತ್ತಾರೆ, ದುಂದು ಮಾಡುತ್ತಾರೆ. ಕಣ್ಣು ತುಂಬಿ ಬಂತು.

"ನಿಮ್ಮ ಹತ್ತಿರ ಬರೋಕೆ ಎಷ್ಟು ಸುಳ್ಳು ಬಗ್ ಹುಟ್ಟಿಸಿದ್ದೀನಿ ಗೊತ್ತಾ?" ಅಂದಳು ಕಡೆಗೆ.

"ಗೊತ್ತು. ಎಲ್ಲವನ್ನೂ ಟೆಸ್ಟ್ ಮಾಡಿದ್ದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬರೋದು ನಿಲ್ಲಿಸ್ತಿದ್ರಿ."

ಅವಳು ಚೀಲ ಇಳಿಸಿದಳು. ಅವನ ಕೈಯಿಂದ ಬ್ರಷ್ಷು ತೆಗೆದುಕೊಂಡು, ಮಣಿಕಟ್ಟಿನ ನೊರೆಯನ್ನು ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು. ಅಷ್ಟು ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ, ಆದರೂ ಹಿಡಿಯಿತು. ತಂದೆ ತಮ್ಮ ಕುರ್ಚಿಯನ್ನು ನಿಧಾನವಾಗಿ ಕಿಟಕಿಯತ್ತ ತಿರುಗಿಸಿಕೊಂಡು ಬೀದಿ ನೋಡತೊಡಗಿದರು. ಕಿವಿ ಮಾತ್ರ ಇತ್ತಲೇ ಇತ್ತು.

ಅವಳ ಚೀಲದಲ್ಲಿ ಫೋನು ಗುಣುಗುಟ್ಟಿತು. ಅವಳಮ್ಮ. ಒಂದು ಕೈ ಅವನ ಕೈಯಲ್ಲಿದ್ದದ್ದರಿಂದ ಇನ್ನೊಂದರಲ್ಲೇ ತೆಗೆದು ಕಿವಿಗಿಟ್ಟಳು.

"ಭಾನುವಾರನೂ ಇಷ್ಟು ಹೊತ್ತಾ? ಎಲ್ಲಿದ್ದೀಯೇ?" ಅಂದರು ಅಮ್ಮ.

"ಅಮ್ಮಾ," ಅಂದಳು ಅವನನ್ನೇ ನೋಡುತ್ತ, "ನಾನು ಒಬ್ಬರನ್ನ ಮನೆಗೆ ಕರ್ಕೊಂಡು ಬರ್ತಿದ್ದೀನಿ. ಕಾಫಿಗೆ ಇಡಿ."

ಕಿಟಕಿಯ ಬಳಿಯ ಕುರ್ಚಿ ಗರಗರನೆ ಇತ್ತ ತಿರುಗಿತು.

"ಇಬ್ಬರನ್ನ," ಅಂತ ಅವಳು ತಿದ್ದಿದಳು.